ಕಾಯಲು ಬಂದವರು

ಹೊಳೆದಂಡೆಯ ಮಠದ ಅಡವಿ ಅಜ್ಜಾರಿಗೆ ತೋಂಟಪ್ಪ ಅಂತ ಒಬ್ಬ ಶಿಷ್ಯ. ಎದೆ ಹಿಡಿದುಕೊಂಡು ಆಸ್ಪತ್ರೆಗೆ ಹೋದವನು ಜೀವ ಉಳಿಸಿಕೊಂಡು ಬಂದ. ಬಂದವನು ಸುಮ್ಮನಿದ್ದನೇ?

ಹೊಳೆಗೆ ಇಳಿಯುವ ಇಕ್ಕಟ್ಟು ಸಂದಿಯಲ್ಲಿ ಮಠದ ಅಡುಗೆಯ ಶಾವಂತ್ರವ್ವ ಕೊಡ ಹೊತ್ತು ಬರುತ್ತಿದ್ದಳು. ತೋಂಟಪ್ಪ ಅಡ್ಡ ನಿಂತು ಬೊಬ್ಬೆ ಹೊಡೆದ.

"ಬರ್ರಪಾ ಬರ್ರಿ! ತುಪ್ಪ ಸುರುವಿ ಸುರುವಿ ಈಕಿ ನನ್ನ ಕೊಲ್ಲಾಕತ್ತಾಳ!"

ಇಂಥ ಸುದ್ದಿ ಕಿವಿಗೆ ಬಿದ್ದರೆ ಮನೆಯಲ್ಲಿ ಯಾರು ಕೂರುತ್ತಾರೆ? ಊರ ಮಂದಿ ಎಂಜಲು ಕೈಯಲ್ಲೇ ಓಡಿ ಬಂದರು. ಬಂದವರು ಇನ್ನಷ್ಟು ಮಂದಿಯನ್ನು ಕೂಗಿದರು.

"ಈಕಿನ್ನ ಮಠದಿಂದ ಹೊರಗ ಹಾಕ್ರಿ!" ಅಂತ ಮಂದಿ ಗದ್ದಲ ಎಬ್ಬಿಸಿತು.

ಸಂದಿ ಕಟ್ಟಿಹೋಯಿತು. ತೋಂಟಪ್ಪ ಗೋಡೆಗೆ ಒತ್ತಿಹೋಗಿ, ಉಸಿರು ಸಿಗದೆ ಒದ್ದಾಡಿದ.

ಅಜ್ಜಾರು ಮೇಲಿನ ಮೆಟ್ಟಿಲಿಗೆ ಬಂದು ನಿಂತರು.

"ಯಾರಲೇ ನಿನ್ನ ಒತ್ತಾಕತ್ತವರು?"

"ನನ್ನ ಕಾಯಾಕ ಬಂದವರ್ರಿ, ಅಜ್ಜಾರ!"

"ಡಾಕ್ಟರು ಏನಂದ್ರು ನಿನಗ?"

"ರಕ್ತನಾಳದಾಗ ಉರಿಯೂತ ಅಂದ್ರು. ಉರಿಗೆ ತುಪ್ಪ ಸುರುವಿದಾಕಿ ಈಕೀನ ಅಲ್ರಿ?"

"ಹುಚ್ಚಪ್ಪ. ನಾಳದ ಗೋಡ್ಯಾಗ ಜಿಡ್ಡು ಹೊಕ್ಕಿದ್ದು ಖರೆ. ಅದನ್ನ ತಿನ್ನಾಕ ಮೈಯ ಕಾವಲಿನವರು, ಅಂದ್ರ ರಕ್ತದಾಗಿನ ಬಿಳಿ ಕಣ, ಬಂದ್ರು. ತಿಂದು ಉಬ್ಬಿದ್ರು. ಬರ್ರಪಾ ಬರ್ರಿ ಅಂತ ಮತ್ತಷ್ಟು ಮಂದೀನ ಕರದ್ರು. ಅಲ್ಲೇ ಸತ್ತು ಗುಡ್ಡಿ ಬಿದ್ರು. ದಾರಿ ಕಟ್ಟಿದ್ದು ಜಿಡ್ಡು ಒಂದ ಅಲ್ಲ."

"ಹಂಗಾರ ಆ ಕಾವಲಿನವರನ್ನ ಹೊರಗ ಹಾಕೂನ್ರಿ!"

"ಹೋದ ವರ್ಷ ಮುಳ್ಳು ನಟ್ಟು ಕಾಲು ಕೀವಾದಾಗ ನಿನ್ನ ಉಳಿಸಿದವರು ಯಾರು?"

ತೋಂಟಪ್ಪ ಬಗ್ಗಿ ಕಾಲಿನ ಹಳೇ ಗಾಯದ ಗುರುತು ನೋಡಿಕೊಂಡ. ಹುಟ್ಟಿದಾಗಿನಿಂದ ಒಳಗೆ ಕಾದವರಿಗೆ ಒಂದು ದಿನವೂ ಕೈಮುಗಿದವನಲ್ಲ. ಆಸ್ಪತ್ರೆಗೆ ದಿನಾ ಗಂಜಿ ಹೊತ್ತ ಶಾವಂತ್ರವ್ವನಿಗೂ ಅಷ್ಟೇ.

ಕಣ್ಣು ತುಂಬಿ ಬಂತು. ಮಂದಿಗೆ ಕೈಮುಗಿದ.

"ನನಗಂತ ಓಡಿ ಬಂದ್ರಿ, ದೊಡ್ಡ ಉಪಕಾರಾತು. ಈಕಿದು ತಪ್ಪಿಲ್ಲ. ಇನ್ನ ಮನಿಗೆ ಹೋಗ್ರಿ."

ಜಗಳ ಇಷ್ಟಕ್ಕೇ ಮುಗಿಯಿತಲ್ಲ ಅಂತ ಮುಖ ಊದಿಸಿಕೊಂಡು ಹೋದರು. ಸಂದಿಯಲ್ಲಿ ಗಾಳಿ ಆಡಿತು.

ತೋಂಟಪ್ಪ ಶಾವಂತ್ರವ್ವನ ಕಾಲಿಗೆ ಬಿದ್ದ. "ಅಕ್ಕಾ, ನಿನ್ನ ಗಂಜಿಯಿಂದ ಎದ್ದು ಕುಂತೆ. ನಿನ್ನ ಮ್ಯಾಲೇ ಊರು ಕೂಡಿಸಿದೆ."

"ಏಳೋ ಮಾರಾಯಾ, ಕೊಡ ಚೆಲ್ಲತೈತಿ," ಅಂದಳು ಆಕೆ. ಆಮೇಲೆ ಬಿಟ್ಟಾಳೇ? "ಅಜ್ಜಾರ, ಒಳಗಿನ ಮಂದೀನ ಹೊತ್ತಿಗೊಮ್ಮೆ ಕರಿಯೋದು ಯಾವುದಂತ ಇವನ್ನ ಕೇಳ್ರಿ. ದನದ ಕೊಟಗಿ ಹಿಂದ ಬೀಡಿ ಹೊಗಿ ಏಳತೈತಿ. ದನಾ ಏನ್ ಸೇದತಾವ?"

ತೋಂಟಪ್ಪ ತಲೆ ತಗ್ಗಿಸಿದ. "ಒಳಗಿನವರ ಉಪಕಾರ ಹೆಂಗ ತೀರಿಸಲ್ರಿ?"

ಅಜ್ಜಾರು ನಕ್ಕರು.

"ಅವರಿಗೂ ಕೈಮುಗಿಯಪಾ. ಆದರ ಬೆರಳ ಸಂದ್ಯಾಗ ಬೀಡಿ ಹಿಡಕೊಂಡು ಮುಗೀಬ್ಯಾಡ."