ಮಿಡಿ ಉಪ್ಪಿನಕಾಯಿಯ ವಿರಹ

ಚಂದ್ರಮೌಳಿಯವರ ಮನೆಯಲ್ಲಿ ಮಿಡಿ ಉಪ್ಪಿನಕಾಯಿಯ ಜಾಡಿಯನ್ನು ಊಟದ ಮೇಜಿನಿಂದ ಮೇಲಿನ ಗೂಡಿಗೆ ವರ್ಗ ಮಾಡಿ ಇಂದಿಗೆ ನಲವತ್ತು ದಿನ. ಸಂತಾಪ ಸೂಚಿಸಲು ಯಾರೂ ಬಂದಿಲ್ಲ. ಅವರ ಮೂತ್ರಪಿಂಡ ಸೋತಿದೆ, ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದೇ ಇದಕ್ಕೆ ಕಾರಣ.

"ಮೂವತ್ತು ವರ್ಷ ಅವರ ಮೊಸರನ್ನಕ್ಕೆ ಜೊತೆಯಾದವಳು ನಾನು," ಎಂದು ಜಾಡಿ ಬಾಗಿಲ ಮೂಲೆಯ ಊರುಗೋಲಿಗೆ ಹೇಳಿತು. "ನಿನ್ನೆ ಮೊನ್ನೆ ಬಂದವನು ನೀನು. ಈಗ ನಿನ್ನ ಕೈ ಹಿಡಿದು ಓಡಾಡುತ್ತಾರೆ."

"ಹಿಡಿಯುವುದು ನನ್ನನ್ನೇ, ಅಮ್ಮಾ. ನೆನೆಯುವುದು ನಿಮ್ಮನ್ನು," ಎಂದಿತು ಕೋಲು.

ಜಾಡಿಗೆ ಅಷ್ಟೇ ಸಾಕಾಯಿತು. ಸ್ವಲ್ಪ ಸಡಿಲವಾಗು ಎಂದು ಮುಚ್ಚಳಕ್ಕೆ ಆಜ್ಞೆ ಮಾಡಿತು. ಇಂಗು, ಸಾಸಿವೆಯ ವಾಸನೆ ಮನೆಯೆಲ್ಲ ಹರಡಿತು. ಚಂದ್ರಮೌಳಿ ಬಂದರು, ಜಾಡಿಯನ್ನು ಇಳಿಸಿ, ಮುಚ್ಚಳ ತೆಗೆದು, ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. ಜಾಡಿ ಉಸಿರು ಬಿಗಿಹಿಡಿಯಿತು. ಅವರು ಅದನ್ನು ಮತ್ತೆ ಗೂಡಿನಲ್ಲಿಟ್ಟು, ಕೋಲು ತೆಗೆದುಕೊಂಡು ಹೊರಟುಬಿಟ್ಟರು.

ಕೋಲು ತಡವಾಗಿ ಮರಳಿತು.

"ಇಷ್ಟು ಹೊತ್ತು ಎಲ್ಲಿದ್ದೆ?"

"ಕೆರೆಗೆ ಎರಡು ಸುತ್ತು ಹಾಕಿದೆವು. ನಿಮ್ಮ ವಾಸನೆ ಬಂದ ದಿನ ಒಂದೇ ಸುತ್ತಿನಲ್ಲಿ ಮರೆಯಲಾಗುವುದಿಲ್ಲವಂತೆ."

ಹಾಗಾದರೆ ಇನ್ನೂ ಆಸೆಯಿದೆ ಎಂದುಕೊಂಡ ಜಾಡಿ ಅಂದಿನಿಂದ ಪ್ರತಿದಿನವೂ ಮುಚ್ಚಳ ಸಡಿಲಿಸಿತು.

ಮಳೆಗಾಲ ಮುಗಿದ ಮೇಲೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡ ಇನ್ನಷ್ಟು ಹದಗೆಟ್ಟಿರಲಿಲ್ಲ. ಗಾಳಿ ತಾಗಿದ ಉಪ್ಪಿನಕಾಯಿಗೆ ಬೂಷ್ಟು ಹಿಡಿದಿತ್ತು. ಜಾಡಿಯನ್ನು ತೊಳೆದು ಕವುಚಿಟ್ಟರು.