ಐದನೆಯ ದಿನದ ನೂಲುಚಿತ್ರ

ಮೆಕ್ಸಿಕೋ ದೇಶದ ಪಶ್ಚಿಮದ ಬೆಟ್ಟಗಳಲ್ಲಿ ಹುಯಿಚೋಲ್ ಎಂಬ ಜನರಿದ್ದಾರೆ. ಆ ಜನರ ಪೂಜ್ಯರಾದ ತುತೂಮಾ ಮಾತೆಯವರು ಒಂದೇ ಕೋಣೆಯ ಕಲ್ಲುಗೋಡೆಯ ಗುಡಿಸಲಿನಲ್ಲಿ ವಾಸವಾಗಿದ್ದರು. ಆರದ ಒಂದು ಒಲೆ, ಒಂದು ಚಾಪೆ, ಅಂಗಳದಲ್ಲಿ ಎರಡು ಕೋಳಿ. ಅವರ ಆಸ್ತಿ ಅಷ್ಟೇ. ಬೆಂಕಿಯನ್ನು ಅಜ್ಜನೆಂದೂ ಮಳೆಯನ್ನು ತಾಯಿಯೆಂದೂ ಕರೆಯುವ ಆ ಜನ ಬಾಯಿಮಾತಿನ ಪ್ರಾರ್ಥನೆಯಿಂದ ತೃಪ್ತರಾಗುವವರಲ್ಲ. ಸೋರೆಬುರುಡೆಯ ಬಟ್ಟಲಿಗೆ ಜೇನುಮೇಣ ಸವರಿ ಅದರಲ್ಲಿ ಮಣಿಗಳನ್ನು ಒತ್ತುತ್ತಾರೆ. ಹಲಗೆಗೆ ಮೇಣ ಬಳಿದು ಬಣ್ಣದ ನೂಲನ್ನು ಹೆಬ್ಬೆರಳಿನಿಂದ ಎಳೆ ಎಳೆಯಾಗಿ ಕೂರಿಸುತ್ತಾರೆ. ದೇವರಿಗೆ ಬಣ್ಣವೇ ಭಾಷೆ ಎಂಬುದು ಅವರ ನಂಬಿಕೆ. ಬೆಳಗಾಗೆದ್ದು ರಂಗೋಲಿ ಹಾಕುವ ನಮ್ಮ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಬೆಳಿಗ್ಗೆ ಸೆವೆರೋ ಎಂಬಾತ ಮೂರು ಹಲಗೆಗಳನ್ನು ಕಂಕುಳಲ್ಲಿ ಇರುಕಿಕೊಂಡು ಮಾತೆಯವರ ಬಳಿಗೆ ಬಂದ. ನೂಲುಚಿತ್ರದಲ್ಲಿ ಆ ಸೀಮೆಗೇ ಹೆಸರಾದವನು. ಕೈ ಎಷ್ಟು ನಯವೋ ನಾಲಿಗೆ ಅಷ್ಟೇ ಒರಟು. ದೇವರ ಕಥೆಗಳನ್ನು ದಿನವೂ ನೂಲಿನಲ್ಲಿ ಬರೆಯುತ್ತಿದ್ದ. ನಂಬುತ್ತೀಯಾ ಎಂದು ಕೇಳಿದರೆ ನಕ್ಕುಬಿಡುತ್ತಿದ್ದ. ಇಂಥ ಜಾಣರು ನಮ್ಮಲ್ಲೂ ಕಡಿಮೆಯೇನಿಲ್ಲ. ಆದರೆ ಅಂದು ಅವನ ಮುಖದಲ್ಲಿ ನಗುವಿರಲಿಲ್ಲ. ಹೆಂಡತಿ ಹೈಮಾ ಜ್ವರದಿಂದ ತೀರಿಕೊಂಡು ನಾಲ್ಕನೆಯ ದಿನ ಅದು.

ಸತ್ತವರು ಐದನೆಯ ದಿನ ಕಡೆಯದಾಗಿ ಮನೆಗೆ ಬರುತ್ತಾರೆಂದು ಆ ಜನ ನಂಬುತ್ತಾರೆ. ಪ್ರೀತಿಯ ತಿನಿಸು, ಉಡುಪುಗಳನ್ನು ಹರಡಿಟ್ಟು ಮನೆಯವರು ಕಾಯುತ್ತಾರೆ. ಹಿರಿಯರು ಹಾಡಿ ಕರೆಯುತ್ತಾರೆ, ಬಂದವರ ಮಾತನ್ನು ತಮ್ಮ ಬಾಯಿಂದ ನುಡಿಯುತ್ತಾರೆ. ಸೂರ್ಯ ಹುಟ್ಟಿದ ಮೇಲೆ ಹೋದವರು ಹೋದಂತೆಯೇ. ಮತ್ತೆ ಕರೆದರೂ ಬರುವುದಿಲ್ಲ.

“ಅಮ್ಮಾ, ನಾಳೆ ಅವಳು ಬರ್ತಾಳೋ ಇಲ್ವೋ ನನಗೆ ಗೊತ್ತಿಲ್ಲ,” ಎಂದ ಸೆವೆರೋ. “ಬಂದ್ರೆ ಎದುರಿಗೆ ಅವಳ ಮುಖ ಬರೆದಿಡೋಣ ಅಂತ ಕೂತೆ. ಮೂರು ದಿನದಿಂದ ಕೂತಿದೀನಿ. ಮುಖಾನೇ ನೆನಪಾಗ್ತಿಲ್ಲ. ಇಪ್ಪತ್ತೆರಡು ವರ್ಷ ಜೊತೇಲಿ ಬಾಳಿ ಹೆಂಡ್ತಿ ಮುಖ ಮರೆತ ಪಾಪಿ ಎಲ್ಲಾದ್ರೂ ಇದಾನಾ?”

ಮಾತೆಯವರು ಹಲಗೆಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿದರು. ಮೊದಲನೆಯದರಲ್ಲಿ ದೇವರ ದಾರಿ ತೋರುವ ನೀಲಿ ಜಿಂಕೆ. ಎರಡನೆಯದರಲ್ಲಿ ಅನ್ನದಾತೆಯಾದ ಐದು ಬಣ್ಣದ ಮೆಕ್ಕೆಜೋಳ. ಮೂರನೆಯದರಲ್ಲಿ ನಮ್ಮ ಗಂಡಭೇರುಂಡವನ್ನು ನೆನಪಿಸುವ ಎರಡು ತಲೆಯ ಹದ್ದು. ಹೆಂಡತಿಯನ್ನು ಬರೆಯಹೋದಾಗಲೆಲ್ಲ ಪಳಗಿದ ಕೈಗೆ ಬಂದದ್ದು ಪಳಗಿದ ರೂಪವೇ.

“ದಾರಿ ಚೆನ್ನಾಗಿ ಬರೆದಿದ್ದೀಯಪ್ಪ,” ಎಂದರು ಮಾತೆಯವರು. “ಬರೋಳೆಲ್ಲಿ?”

“ಅದು ಗೊತ್ತಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ?” ಎಂದು ಸೆವೆರೋ ರೇಗಿದ.

ಮಾತೆಯವರು ಬೇಸರಿಸಲಿಲ್ಲ. ಗಂಡ ಹೆಂಡತಿ ಹೇಗೆ ಕೂತು ಕೆಲಸ ಮಾಡುತ್ತಿದ್ದಿರೆಂದು ಕೇಳಿದರು. ಒಂದೇ ಹಲಗೆಗೆ ಎದುರುಬದುರಾಗಿ, ತಾನು ಈ ಅಂಚಿನಿಂದ, ಅವಳು ಆ ಅಂಚಿನಿಂದ ಎಂದ. ಮಾತೆಯವರು ಮೇಣ ಬಳಿದ ಹೊಸ ಹಲಗೆಯೊಂದನ್ನು ಅಂಗಳದಲ್ಲಿಟ್ಟು, ಹೈಮಾ ಕೂರುತ್ತಿದ್ದ ಕಡೆ ತಾವೇ ಕುಳಿತರು. ಕೆಂಪು ನೂಲನ್ನು ತೆಗೆದುಕೊಂಡು ಒತ್ತತೊಡಗಿದರು. ಸೆವೆರೋ ಕೂಡ ರೂಢಿಯಂತೆ ತಲೆ ಬಗ್ಗಿಸಿ ತನ್ನ ಅಂಚಿನಿಂದ ಶುರುಮಾಡಿದ. ಬಿಸಿಲೇರಿ ಮೇಣ ಮೆತ್ತಗಾಯಿತು. ಎರಡು ಗೆರೆಗಳೂ ನಡುವಿಗೆ ಬಂದವು. ಮಾತೆಯವರ ಹೆಬ್ಬೆರಳು ಅವನ ಕಣ್ಣೆದುರಿಗೆ ಬಂತು.

“ಹಾಗಲ್ಲ!” ಎಂದು ಕೂಗಿಬಿಟ್ಟ. “ಅವಳು ಹಾಗೆ ಒತ್ತುತ್ತಿರಲಿಲ್ಲ. ಬೆರಳನ್ನ ಓರೆ ಹಿಡೀತಿದ್ಲು. ಉಗುರು ನಡುವೆ ಸೀಳಿತ್ತು, ನೂಲು ಸಿಕ್ಕಿಕೊಳ್ತಿತ್ತು. ಆಗ ಬೆರಳು ಮೇಲೆ ಹೋಗಿ ಒದ್ದೆಯಾಗಿ ಕೆಳಗೆ ಬರೋದು. ನನ್ನ ಗೆರೆ ಹತ್ರ ಬಂದಾಗ ಬೇಕು ಅಂತ್ಲೇ ನನ್ನ ಬೆರಳಿಗೆ ಒಂದು ಸಲ ತಾಗಿಸಿ...”

ಸೆವೆರೋ ತನ್ನ ಬೆರಳನ್ನೇ ನೋಡಿಕೊಂಡ.

ಮಾತೆಯವರು ಎದ್ದು ನಿಂತರು. “ಅದನ್ನೇ ಬರಿ,” ಎಂದರು.

ಮರುದಿನ ಸಂಜೆಯ ಹೊತ್ತಿಗೆ ಚಿತ್ರ ಮುಗಿಯಿತು. ಜಿಂಕೆಯಿಲ್ಲ, ಹದ್ದಿಲ್ಲ. ಹಳದಿ ಬಯಲಿನಲ್ಲಿ ಓರೆಯಾಗಿ ಒಂದು ಹೆಬ್ಬೆರಳು, ಸೀಳಿದ ಉಗುರು, ಅದರಡಿ ಅರ್ಧ ಕೂತ ಕೆಂಪು ಎಳೆ. ದೇವರ ಮುಂದೆ ಬೆರಳಿಡುತ್ತಾರೆಯೇ ಎಂದು ಕೆಲವರು ಮೂಗು ಮುರಿದರು. ಹೈಮಾಳ ತಂಗಿ ಮಾತ್ರ ನೋಡಿದವಳೇ “ನಮ್ಮಕ್ಕ!” ಎಂದು ಹಲಗೆಯ ಮುಂದೆ ಕುಸಿದು ಕೂತಳು.

ಸೆವೆರೋನ ಮನೆಯಲ್ಲಿ ರಾತ್ರಿಯಿಡೀ ಹಾಡಿದ ಮಾತೆಯವರು ಮೂಡಣ ಬೆಳ್ಳಗಾಗುವಾಗ ಹಾಡು ನಿಲ್ಲಿಸಿದರು.

“ಬಾಗಿಲಲ್ಲಿದಾಳೆ. ಹೇಳೋದಿದ್ರೆ ಹೇಳು.”

ಸೆವೆರೋಗೆ ಕಂಡದ್ದು ಬರಿಯ ಬಾಗಿಲು. ಆದರೂ ಕೈಮುಗಿದ. “ಹೈಮಾ, ನಿನ್ನ ಮುಖ ನಾನು ನೋಡ್ಲೇ ಇಲ್ಲ ಕಣೇ. ಅಷ್ಟು ವರ್ಷಾನೂ ತಲೆ ಬಗ್ಗಿಸ್ಕೊಂಡು ಗೆರೆ ನೋಡ್ತಾ ಕಳೆದುಬಿಟ್ಟೆ. ತಪ್ಪಾಯ್ತು.”

ಮಾತೆಯವರು ಕಣ್ಮುಚ್ಚಿಯೇ ಇದ್ದರು. ಅವರ ಬಾಯಿಂದ ಮೆಲ್ಲಗೆ ಮಾತು ಬಂತು.

“ನೀನು ನೋಡಲಿಲ್ಲ, ನಿಜ. ನಾನು ನೋಡ್ತಾ ಇದ್ದೆನಲ್ಲ.”

ಆ ಮಾತು ಹೈಮಾಳದೋ ಮಾತೆಯವರದೋ ಎಂದು ಕೇಳುವ ಚಪಲ ನಮ್ಮಂಥವರಿಗೆ ಇದ್ದೀತು. ಎಲ್ಲವನ್ನೂ ನಕ್ಕು ತಳ್ಳುತ್ತಿದ್ದ ಸೆವೆರೋ ಕೇಳಲಿಲ್ಲ. ಕಣ್ಣೀರು ಒರೆಸಿಕೊಳ್ಳದೆ, ತಲೆಯೆತ್ತಿ ಬಾಗಿಲನ್ನೇ ನೋಡುತ್ತ ಕುಳಿತ. ಎಳೆಬಿಸಿಲು ಒಳಗೆ ಬಂದಾಗ, ಜೊತೆಯಲ್ಲಿ ಬಾಳಿದವಳಿಗೆ ಹೇಳುವಂತೆ ಸಹಜವಾಗಿ ಹೇಳಿದ:

“ಆಯ್ತು ಕಣೇ. ಇನ್ನು ಹೊರಡು.”