ಮೊದಲ ಹೋಳಿಗೆ ಯಾರಿಗೆ?

"ನಾಳೆ ಮಧ್ಯಾಹ್ನದ ಊಟ ಆ ಕೋಟೆಯೊಳಗೆ," ಎಂದು ಹೊಸಗುಡ್ಡದ ದೊರೆ ಚೆನ್ನವೀರ ನಾಯಕ ಮೀಸೆ ತಿರುವಿದ.

ಎದುರಿಗೆ ನಿಂತಿದ್ದ ಸೈನ್ಯ ಜೈಕಾರ ಹಾಕಿತು. ಖಾಲಿ ಹೊಟ್ಟೆಯ ಜೈಕಾರ, ಅಷ್ಟೇನೂ ದೂರ ಕೇಳಲಿಲ್ಲ.

ಈ ಯುದ್ಧ ಶುರುವಾದದ್ದು ಒಂದು ಹೋಳಿಗೆಯಿಂದ. ಯಾರದೋ ಮದುವೆಯ ಪಂಕ್ತಿಯಲ್ಲಿ ಬಡಿಸುವವನು ಚೆನ್ನವೀರ ನಾಯಕನಿಗಿಂತ ಮೊದಲು ಕರೆಕಲ್ಲು ಕೋಟೆಯ ದೊರೆ ತಿಪ್ಪರಾಜ ನಾಯಕನ ಎಲೆಗೆ ಹೋಳಿಗೆ ಹಾಕಿಬಿಟ್ಟ. ಚೆನ್ನವೀರ ನಾಯಕ ಎಲೆ ಬಿಟ್ಟು ಎದ್ದ. ತಿಪ್ಪರಾಜ ನಕ್ಕ. ಮನೆಯಲ್ಲಿ ಮಕ್ಕಳು ಹೀಗೆ ಕಿತ್ತಾಡಿದರೆ ಬೆನ್ನಿಗೆರಡು ಬಿದ್ದು ಅಲ್ಲಿಗೇ ಮುಗಿಯುತ್ತದೆ. ದೊರೆಗಳ ಬೆನ್ನಿಗೆ ಹಾಕುವವರು ಯಾರು? ಹಾಗಾಗಿ ಬೇಸಿಗೆಯಿಡೀ ಮುತ್ತಿಗೆ ನಡೆಯಿತು. ಎಷ್ಟೋ ಆಳುಗಳು ಸತ್ತರು. ಕೋಟೆ ಮಾತ್ರ ಬಂಡೆಯ ಮೇಲೆ ಇದ್ದಂತೆಯೇ ಇತ್ತು.

"ಏಣಿಗಳು ಸಿದ್ಧ ಮಹಾಪ್ರಭು," ಎಂದ ದಳವಾಯಿ ಮುದ್ದಯ್ಯ.

ದೊರೆಯನ್ನು ನಗಿಸುವುದೇ ಕೆಲಸವಾಗಿದ್ದ ಗಿರಿಯಣ್ಣ ಒಮ್ಮೆ ಏಣಿ ನೋಡಿದ, ಒಮ್ಮೆ ಗೋಡೆ ನೋಡಿದ. "ದಳವಾಯಿಗಳೇ, ಏಣಿ ಎರಡಾಳು ಗಿಡ್ಡ ಇದೆಯಲ್ಲ?"

"ಇದೆ. ಆದರೆ ದೊರೆಗಳ ಅಪ್ಪಣೆ ಆಗಿದೆ," ಎಂದ ಮುದ್ದಯ್ಯ ನೆಲ ನೋಡುತ್ತಾ.

"ಅಪ್ಪಣೆ ಕೊಟ್ಟರೆ ಏಣಿ ಬೆಳೆಯುತ್ತದೆಯೇ?"

ಸೈನಿಕರಲ್ಲಿ ಯಾರೋ ಕಿಸಕ್ಕೆಂದರು. ದೊರೆಯ ಮುಖ ಕೆಂಪಾಯಿತು. "ಮಿಕ್ಕ ಎರಡಾಳು ಎತ್ತರವನ್ನು ಶೌರ್ಯ ಮುಟ್ಟಿಸುತ್ತದೆ. ನಾಳೆ ಮೊದಲ ಏಣಿ ಹತ್ತುವವನು ನೀನೇ ಗಿರಿಯಣ್ಣ."

ಗಿರಿಯಣ್ಣ ಮತ್ತೊಮ್ಮೆ ಗೋಡೆಯ ತುದಿ ನೋಡಿದ. ಅವನು ಮನೆಯ ಅಟ್ಟವನ್ನೂ ಹತ್ತಿದವನಲ್ಲ. ಆದರೂ ಕೈಮುಗಿದ. "ಆಗಲಿ ಪ್ರಭು. ಗೆಲುವು ಖಂಡಿತ ತಾನೇ?"

"ಖಂಡಿತ."

"ಹಾಗಾದರೆ ವಿಜಯದ ಊಟಕ್ಕೆಂದು ಮುಚ್ಚಿಟ್ಟ ಬೇಳೆ, ಬೆಲ್ಲ, ಅಕ್ಕಿ, ತುಪ್ಪ ಇಲ್ಲೇಕೆ ಇರಬೇಕು? ಇಲ್ಲಿ ಅಡುಗೆಗೆ ನೀರಿಲ್ಲ. ಕೋಟೆಯೊಳಗೆ ಹೊಂಡವಿದೆ. ಇವತ್ತೇ ಒಳಗೆ ಕಳಿಸಿಬಿಟ್ಟರೆ ನಾಳೆ ತಾವು ಗೆದ್ದು ಕಾಲಿಡುವ ಹೊತ್ತಿಗೆ ಹೋಳಿಗೆ ಬಿಸಿಯಾಗಿರುತ್ತದೆ. ಗೆಲ್ಲುವುದು ಅನುಮಾನ ಅನ್ನುವುದಾದರೆ ಬೇಡ."

ಇಡೀ ಸೈನ್ಯ ದೊರೆಯ ಮುಖ ನೋಡಿತು.

"ಅನುಮಾನವೇ? ಕಳಿಸು," ಎಂದ ದೊರೆ.

ಡೇರೆಯೊಳಗೆ ಹೋದದ್ದೇ ತಡ, ದೊರೆ ಗಿರಿಯಣ್ಣನ ಕಿವಿ ಹಿಂಡಿದ. "ಶತ್ರುವಿಗೆ ಬೆಲ್ಲ ಕಳಿಸುವ ದೊರೆಯನ್ನು ಎಲ್ಲಾದರೂ ಕಂಡಿದ್ದೀಯೇನೋ?"

"ಬೇಡ ಅನ್ನಬಹುದಿತ್ತಲ್ಲ ಪ್ರಭು."

"ಅಷ್ಟು ಜನರ ಎದುರಿಗೆ?"

"ಏಣಿ ಗಿಡ್ಡ ಅನ್ನುವುದೂ ತಮಗೆ ಗೊತ್ತಿತ್ತೇ ಪ್ರಭು?"

ದೊರೆ ಕಿವಿ ಬಿಟ್ಟ. "ಗೊತ್ತಿಲ್ಲದೆ ಏನು? ನನಗೂ ಕಣ್ಣಿದೆ. ಸುಮ್ಮನೆ ವಾಪಸು ಹೋದರೆ ಊರಿನ ಹೆಂಗಸರು ನೀರು ಸೇದುತ್ತಾ ನಗುತ್ತಾರೆ. ನನ್ನ ತಮ್ಮ ಒಂದು ಸಾರಿ ಗಾದಿಯ ಮೇಲೆ ಕೂತು ನೋಡಿ, ನನಗೇ ಸರಿಹೋಗುತ್ತದೆ ಅನ್ನುತ್ತಾನೆ. ಆ ಗೋಡೆಗಿಂತ ನನಗೆ ಇವರ ಭಯವೇ ಹೆಚ್ಚು."

"ನನಗೆ ಗೋಡೆಯದೇ ಭಯ ಪ್ರಭು," ಎಂದು ಗಿರಿಯಣ್ಣ ಕಿವಿ ಉಜ್ಜಿಕೊಳ್ಳುತ್ತಾ ಬೆಲ್ಲದ ಗಾಡಿಯ ಜೊತೆ ಹೊರಟ.

ಕೋಟೆಯೊಳಗೆ ತಿಪ್ಪರಾಜ ನಾಯಕ ಬೇಯಿಸಿದ ಹುರುಳಿ ತಿನ್ನುತ್ತಾ ಕೂತಿದ್ದ. ದೊರೆಯಾದ್ದರಿಂದ ಬೆಳ್ಳಿ ತಟ್ಟೆಯಲ್ಲಿ ಹುರುಳಿ. ಗಾಡಿ ನೋಡಿ ಅವನ ಕೈ ತಟ್ಟೆಯಲ್ಲೇ ನಿಂತಿತು.

"ವಿಷ ಬೆರೆಸಿದ್ದೀಯೇನಯ್ಯ?"

ಗಿರಿಯಣ್ಣ ಒಂದು ಉಂಡೆ ಬೆಲ್ಲ ತಾನೇ ಬಾಯಿಗೆ ಹಾಕಿಕೊಂಡ. "ಶರಣಾಗಿ ಅನ್ನಲು ಬಂದಿಲ್ಲ ಬುದ್ಧಿ. ತಮ್ಮ ಶಪಥ ಏನು, ಅದಷ್ಟು ಕೇಳಿಕೊಂಡು ಹೋಗುತ್ತೇನೆ."

"ನಾನು ಬದುಕಿರುವವರೆಗೆ ಹೊಸಗುಡ್ಡದ ಒಬ್ಬನೂ ಕತ್ತಿ ಹಿಡಿದು ಈ ಬಾಗಿಲು ದಾಟುವುದಿಲ್ಲ. ಊರಿಗೆಲ್ಲ ಕೇಳುವಂತೆ ಹೇಳಿದ್ದೇನೆ."

"ನಮ್ಮ ದೊರೆ ನಾಳೆ ಇಲ್ಲಿ ಊಟ ಮಾಡುತ್ತೇನೆ ಅಂದಿದ್ದಾರೆ. ಅವರದೂ ಊರಿಗೆಲ್ಲ ಕೇಳಿದೆ. ಊಟಕ್ಕೆ ಕತ್ತಿ ಯಾಕೆ ಬುದ್ಧಿ? ಹೋಳಿಗೆ ಕೈಯಲ್ಲೇ ಮುರಿಯುತ್ತದೆ."

ತಿಪ್ಪರಾಜ ಹುರುಳಿ ನೋಡಿದ. ಬೆಲ್ಲ ನೋಡಿದ. "ಬೆಳಿಗ್ಗೆಯೇ ಒಲೆ ಹಚ್ಚಿಸಿ," ಎಂದ.

ಮರುದಿನ ಗಿರಿಯಣ್ಣ ಗಿಡ್ಡ ಏಣಿಯ ಮೊದಲ ಮೆಟ್ಟಿಲ ಮೇಲೆ ಬಾಗಿಲ ಕಡೆಗೇ ಕಣ್ಣಿಟ್ಟು ನಿಂತಿದ್ದ. ತಿಪ್ಪರಾಜ ಮನಸ್ಸು ಬದಲಾಯಿಸಿದ್ದರೆ ಇವನ ಕತೆ ಮುಗಿದಂತೆ. ದಳವಾಯಿ ಕಹಳೆಯವನಿಗೆ ಕೈ ಎತ್ತಿದ. ಅಷ್ಟರಲ್ಲಿ ಬಾಗಿಲು ಕಿರ್ರೆಂದು ತೆರೆಯಿತು. ಮೊದಲು ಹೂರಣದ ವಾಸನೆ ಹೊರಗೆ ಬಂತು, ಅದರ ಹಿಂದೆ ತಿಪ್ಪರಾಜ ಬಂದ.

"ಎಲೆ ಹಾಕಿದೆ, ಬನ್ನಿ. ಕತ್ತಿ, ಕೆರ ಹೊರಗಿಡಿ."

ದೊರೆ ಬಾಯಿ ತೆರೆಯುವ ಮೊದಲೇ ಹಿಂದೆ ಕತ್ತಿಗಳು ನೆಲಕ್ಕೆ ಬಿದ್ದ ಸದ್ದು ಕೇಳಿತು. ಎಲ್ಲರಿಗಿಂತ ಮೊದಲು ಬಿದ್ದದ್ದು ದಳವಾಯಿಯದು. ಇಡೀ ಬೇಸಿಗೆಯಲ್ಲಿ ಅವನು ಅಷ್ಟು ಚುರುಕಾಗಿ ಏನನ್ನೂ ಮಾಡಿರಲಿಲ್ಲ.

"ಹೇಳಿದ್ದೆನಲ್ಲ, ಇವತ್ತಿನ ಊಟ ಒಳಗೇ ಅಂತ," ಎಂದು ದೊರೆ ತಾನೂ ಸೊಂಟದ ಪಟ್ಟಿ ಬಿಚ್ಚಿದ.

ಪಂಕ್ತಿಯ ಒಂದು ತುದಿಗೆ ಚೆನ್ನವೀರ ನಾಯಕ, ಇನ್ನೊಂದು ತುದಿಗೆ ತಿಪ್ಪರಾಜ ನಾಯಕ ಕೂತರು. ಬಡಿಸುವವನು ಹೋಳಿಗೆಯ ಬುಟ್ಟಿ ಹಿಡಿದು ಬಂದು ನಡುವೆ ನಿಂತೇಬಿಟ್ಟ. ಯಾವ ಕಡೆಗೂ ಕಾಲು ಏಳಲಿಲ್ಲ. ಉಣ್ಣುವವರೆಲ್ಲ ಉಸಿರು ಹಿಡಿದರು. ಕೆಲವರ ಕೈ ಸೊಂಟಕ್ಕೆ ಹೋಗಿ, ಕತ್ತಿಯಿಲ್ಲದ್ದು ನೆನಪಾಗಿ, ಮತ್ತೆ ಎಲೆಗೆ ಬಂತು.

ಗಿರಿಯಣ್ಣ ಇನ್ನೊಂದು ಬುಟ್ಟಿ ಎತ್ತಿಕೊಂಡ. "ನೀನು ಆ ತುದಿಯಿಂದ ಬಾ, ನಾನು ಈ ತುದಿಯಿಂದ ಬರುತ್ತೇನೆ. ಹ್ಞೂಂ ಅಂದಾಗ ಹಾಕು. ಹ್ಞೂಂ."

ಎರಡು ಹೋಳಿಗೆ ಒಟ್ಟಿಗೇ ಬಿದ್ದವು.

ದೊರೆಗಳಿಬ್ಬರೂ ಕತ್ತು ಚಾಚಿ ಒಬ್ಬರ ಎಲೆಯನ್ನು ಇನ್ನೊಬ್ಬರು ನೋಡಿದರು. ಚೆನ್ನವೀರ ನಾಯಕ ಜೋರಾಗಿ ನಕ್ಕ. "ಈ ಸಲ ಮೊದಲು ನಕ್ಕವನು ನಾನು ತಿಪ್ಪರಾಜ," ಎಂದು ತನ್ನ ಕೈಯ ಚಿನ್ನದ ಕಡಗ ತೆಗೆದು ಗಿರಿಯಣ್ಣನ ಬುಟ್ಟಿಗೆ ಹಾಕಿದ.

ಆಮೇಲೆ ಪಂಕ್ತಿಯುದ್ದಕ್ಕೂ ಕಣ್ಣು ಹಾಯಿಸಿದಾಗ ಅವನ ನಗು ಸಣ್ಣಗಾಯಿತು.

"ಇಷ್ಟು ಸುಲಭದ ಉಪಾಯವನ್ನು ಆ ಮದುವೆಯ ದಿನವೇ ಹೇಳಬಾರದಿತ್ತೇನೋ? ಎಷ್ಟು ಜನ ಇವತ್ತು ನಮ್ಮ ಜೊತೆ ಉಣ್ಣುತ್ತಿದ್ದರು."

ಗಿರಿಯಣ್ಣ ಬಗ್ಗಿ ದೊರೆಯ ಹೋಳಿಗೆಗೆ ತುಪ್ಪ ಬಡಿಸಿದ.

"ಅವತ್ತೂ ಹೇಳಿದ್ದೆ ಪ್ರಭು. ತಮಗೆ ಹಸಿವಿರಲಿಲ್ಲ."